ಎರಡೇ ಪಕ್ಷ ಇದ್ದಲ್ಲಿ ನಿಮ್ಮ ಮತ ಎಲ್ಲಿ ಸೋರುತ್ತದೆ? ನೀವೇ ಲೆಕ್ಕ ಹಾಕಿ ನೋಡುವುದು ಹೀಗೆ

ಮತಯಂತ್ರದ ಮುಂದೆ ನಿಂತಾಗ ಅತ್ತ ದರಿ, ಇತ್ತ ಪುಲಿ ಅನ್ನಿಸಿದ್ದರೆ ಈ ಬರಹ ನಿಮಗೆ. ದೊಡ್ಡ ಪಕ್ಷಗಳು ಎರಡೂ ಇಷ್ಟವಿಲ್ಲ. ಮೂರನೆಯವರು ಪರವಾಗಿಲ್ಲ ಅನ್ನಿಸುತ್ತಾರೆ, ಆದರೆ ಅವರಿಗೆ ಹಾಕಿದರೆ "ಸುಮ್ನೆ ವೋಟು ಹಾಳು" ಅಂತ ಪಕ್ಕದವರು ಹೇಳುತ್ತಾರೆ. ಬೇಜಾರಿನ ಸಂಗತಿ ಅಂದರೆ ಪಕ್ಕದವರ ಮಾತು ಬಹಳ ಸಲ ನಿಜವೇ.

ಇದರ ಬಗ್ಗೆ ಮಾತು ಶುರುವಾದರೆ ಸಾಮಾನ್ಯವಾಗಿ ಬೈಗುಳದಲ್ಲಿ ಮುಗಿಯುತ್ತದೆ. ಒಬ್ಬರು ನಾಯಕರನ್ನು ಬೈಯುತ್ತಾರೆ, ಇನ್ನೊಬ್ಬರು ಮತದಾರರನ್ನು. ನಾನೂ ಬೇಕಾದಷ್ಟು ಬೈದಿದ್ದೇನೆ. ಆಮೇಲೆ ಒಂದು ದಿನ ಫಲಿತಾಂಶದ ಪಟ್ಟಿ ಮುಂದಿಟ್ಟುಕೊಂಡು ಕೂಡಿ ಕಳೆದು ನೋಡಿದಾಗ, ಕೋಪ ಬರಬೇಕಾದದ್ದು ಮನುಷ್ಯರ ಮೇಲಲ್ಲ, ಎಣಿಸುವ ನಿಯಮದ ಮೇಲೆ ಅಂತ ಹೊಳೆಯಿತು. ಅದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಬೇಕಾಗುವುದು ಇಷ್ಟೇ: ಯಾವುದಾದರೂ ಚುನಾವಣೆಯ ಫಲಿತಾಂಶ, ಅಂದರೆ ಪ್ರತಿ ಪಕ್ಷಕ್ಕೆ ಬಿದ್ದ ಮತ ಮತ್ತು ಸಿಕ್ಕ ಸೀಟು. ಜೊತೆಗೆ ಒಂದು ಹಾಳೆ, ಮೊಬೈಲಿನ ಕ್ಯಾಲ್ಕುಲೇಟರ್.

ಮೊದಲು, ನಿಜವಾಗಿ ಎಷ್ಟು ಪಕ್ಷ ಇವೆ ಎಣಿಸಿ

ಹೆಸರು ನೋಂದಾಯಿಸಿದ ಪಕ್ಷಗಳನ್ನು ಎಣಿಸಿದರೆ ಎಲ್ಲ ದೇಶದಲ್ಲೂ ಹತ್ತಾರು ಸಿಗುತ್ತವೆ. ಅಮೆರಿಕದಲ್ಲೂ ಲಿಬರ್ಟೇರಿಯನ್, ಗ್ರೀನ್ ಅಂತ ಇವೆ. ಅದರಿಂದ ಏನೂ ತಿಳಿಯುವುದಿಲ್ಲ. 1979ರಲ್ಲಿ ಲಾಕ್ಸೊ ಮತ್ತು ಟಾಗಪೆರಾ ಎಂಬ ಇಬ್ಬರು ಒಂದು ಸರಳ ಲೆಕ್ಕ ಕೊಟ್ಟರು. ಪ್ರತಿ ಪಕ್ಷದ ಪಾಲನ್ನು ದಶಮಾಂಶದಲ್ಲಿ ಬರೆದುಕೊಳ್ಳಿ, ಶೇ. 40 ಇದ್ದರೆ 0.40. ಅದನ್ನು ಅದರಿಂದಲೇ ಗುಣಿಸಿ. ಎಲ್ಲ ಪಕ್ಷಗಳ ಉತ್ತರವನ್ನೂ ಕೂಡಿಸಿ. ಕೊನೆಗೆ 1ನ್ನು ಆ ಮೊತ್ತದಿಂದ ಭಾಗಿಸಿ. ಬಂದ ಸಂಖ್ಯೆಯೇ ಲೆಕ್ಕಕ್ಕೆ ಬರುವ ಪಕ್ಷಗಳ ಸಂಖ್ಯೆ. ಎರಡು ಪಕ್ಷಗಳು ಅರ್ಧ ಅರ್ಧ ಹಂಚಿಕೊಂಡಿದ್ದರೆ ಸರಿಯಾಗಿ 2 ಬರುತ್ತದೆ. ಒಮ್ಮೆ ಮಾಡಿ ನೋಡಿ, ನಂಬಿಕೆ ಬರುತ್ತದೆ.

ಇದನ್ನು ಎರಡು ಸಲ ಮಾಡಬೇಕು. ಒಂದು ಸಲ ಮತದ ಪಾಲಿಗೆ, ಇನ್ನೊಂದು ಸಲ ಸೀಟಿನ ಪಾಲಿಗೆ. ವಿಷಯ ಇರುವುದೇ ಈ ಎರಡರ ನಡುವಿನ ಅಂತರದಲ್ಲಿ.

ಬ್ರಿಟನ್ನಿನ 2024ರ ಚುನಾವಣೆ ತೆಗೆದುಕೊಳ್ಳಿ. ಲೇಬರ್ ಶೇ. 33.7, ಕನ್ಸರ್ವೇಟಿವ್ ಶೇ. 23.7, ರಿಫಾರ್ಮ್ ಶೇ. 14.3, ಲಿಬರಲ್ ಡೆಮಾಕ್ರಾಟ್ ಶೇ. 12.2. ಉಳಿದ ಚಿಕ್ಕವರನ್ನೂ ಸೇರಿಸಿ ವರ್ಗ ಮಾಡಿ ಕೂಡಿಸಿದರೆ ಸುಮಾರು 0.21 ಬರುತ್ತದೆ. 1ನ್ನು ಭಾಗಿಸಿದರೆ ಐದಕ್ಕೆ ಸ್ವಲ್ಪ ಕಮ್ಮಿ. ಅಂದರೆ ಜನ ಮತ ಹಾಕಿದ್ದು ಹೆಚ್ಚುಕಮ್ಮಿ ಐದು ಪಕ್ಷದ ದೇಶದ ಥರ. ಈಗ ಸೀಟು ನೋಡಿ. 650ರಲ್ಲಿ ಲೇಬರ್‌ಗೆ 411, ಕನ್ಸರ್ವೇಟಿವ್‌ಗೆ 121, ಲಿಬರಲ್ ಡೆಮಾಕ್ರಾಟರಿಗೆ 72, ರಿಫಾರ್ಮ್‌ಗೆ 5. ಇದರ ಉತ್ತರ ಸುಮಾರು 2.2. ಮತಪೆಟ್ಟಿಗೆಗೆ ಐದು ಪಕ್ಷ ಹೋಗಿ, ಸಂಸತ್ತಿನ ಬಾಗಿಲಲ್ಲಿ ಎರಡು ಚಿಲ್ಲರೆ ಪಕ್ಷ ಹೊರಗೆ ಬಂತು! ಮೂರರಲ್ಲಿ ಒಂದು ಪಾಲು ಮತಕ್ಕೆ ಮೂರರಲ್ಲಿ ಎರಡರ ಹತ್ತಿರ ಸೀಟು.

ಅಮೆರಿಕದ ಕೆಳಮನೆಗೆ ಈ ಲೆಕ್ಕ ಹಾಕುವ ಕೆಲಸವೇ ಇಲ್ಲ. 2024ರಲ್ಲಿ ರಿಪಬ್ಲಿಕನ್ನರು 220, ಡೆಮಾಕ್ರಾಟರು 215. ಉತ್ತರ 2. ಅಲ್ಲಿ ಸೋರಿಕೆ ಮತ ಎಣಿಸುವ ಮೊದಲೇ ಆಗಿಬಿಟ್ಟಿರುತ್ತದೆ. ಜನ ಮೂರನೆಯವರ ಕಡೆ ನೋಡುವುದನ್ನೇ ಬಿಟ್ಟಿರುತ್ತಾರೆ.

ಯಾಕೆ ಹೀಗೆ, ಚಿಕ್ಕದಾಗಿ

ಫ್ರಾನ್ಸಿನ ಮೋರಿಸ್ ಡ್ಯುವರ್ಜೆ 1951ರಲ್ಲಿ ಇದನ್ನು ಬಿಡಿಸಿ ಹೇಳಿದರು. ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಒಂದು ಮತ ಜಾಸ್ತಿ ಬಿದ್ದವರು ಗೆದ್ದ ಹಾಗೆ ಅನ್ನುವ ನಿಯಮ ಇದ್ದರೆ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಯಂತ್ರದ ಕೆಲಸ: ಎರಡನೇ, ಮೂರನೇ ಸ್ಥಾನಕ್ಕೆ ಏನೂ ಸಿಗುವುದಿಲ್ಲ. ಎರಡನೆಯದು ಮನಸ್ಸಿನ ಕೆಲಸ: ಮೂರನೆಯವರು ಗೆಲ್ಲಲ್ಲ ಅಂತ ಗೊತ್ತಾದ ಮೇಲೆ ಮತದಾರ ತನಗೆ ಬೇಕಾದವರನ್ನು ಬಿಟ್ಟು, ಬೇಡವಾದವರನ್ನು ಸೋಲಿಸಬಲ್ಲವರಿಗೆ ಮತ ಹಾಕುತ್ತಾನೆ. ಹಣ ಕೊಡುವವರೂ ಹಾಗೇ, ಟಿಕೆಟ್ ಹುಡುಕುವ ಚುರುಕು ಮನುಷ್ಯರೂ ಹಾಗೇ. ವರ್ಷಗಳು ಉರುಳಿದ ಹಾಗೆ ಎರಡೇ ಕುರ್ಚಿ ಉಳಿಯುತ್ತವೆ.

ಕುರ್ಚಿ ಎರಡು ಅಂದೆ, ಅದರಲ್ಲಿ ಕೂತವರು ಅವರೇ ಶಾಶ್ವತ ಅಂತಲ್ಲ. ಅಮೆರಿಕದಲ್ಲಿ ಹಿಂದೆ ವಿಗ್ ಎಂಬ ಪಕ್ಷ ಇತ್ತು. ಗುಲಾಮಗಿರಿಯ ಪ್ರಶ್ನೆಗೆ ಸಿಕ್ಕಿ ಅದು ಒಡೆಯಿತು. 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಆ ಜಾಗಕ್ಕೆ ಬಂತು, ಆರೇ ವರ್ಷದಲ್ಲಿ ಲಿಂಕನ್ ಅಧ್ಯಕ್ಷರಾದರು, ಅದೂ ಶೇ. 40ಕ್ಕೂ ಸ್ವಲ್ಪ ಕಮ್ಮಿ ಮತದಲ್ಲಿ. ಬ್ರಿಟನ್ನಿನಲ್ಲಿ 1920ರ ದಶಕದಲ್ಲಿ ಲಿಬರಲ್ಲರ ಜಾಗಕ್ಕೆ ಲೇಬರ್ ಬಂತು. ಎರಡು ಕಡೆಯೂ ಕೂತವರು ಬದಲಾದರು, ಕುರ್ಚಿಯ ಸಂಖ್ಯೆ ಬದಲಾಗಲಿಲ್ಲ. "ಹೊಸ ಪಕ್ಷ ಕಟ್ಟಿದರೆ ಎಲ್ಲ ಸರಿಹೋಗುತ್ತದೆ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಂತ ಇದು ಕಲ್ಲಿನ ಮೇಲೆ ಕೆತ್ತಿದ ನಿಯಮ ಏನಲ್ಲ. ಭಾರತದಲ್ಲಿ ಇದೇ ಎಣಿಕೆ ಇದ್ದರೂ ಲೋಕಸಭೆಯಲ್ಲಿ ಹತ್ತಾರು ಪಕ್ಷಗಳಿವೆ, ಯಾಕೆಂದರೆ ಒಂದೊಂದು ರಾಜ್ಯದಲ್ಲಿ ನೇರ ಹಣಾಹಣಿ ನಡೆಸುವ ಜೋಡಿ ಬೇರೆ ಬೇರೆ. ಮಾಲ್ಟಾ ಇದಕ್ಕೆ ತದ್ವಿರುದ್ಧ. ಅಲ್ಲಿ 1921ರಿಂದಲೂ ಅಭ್ಯರ್ಥಿಗಳಿಗೆ 1, 2, 3 ಅಂತ ಕ್ರಮ ಕೊಡುವ, ಒಂದು ಕ್ಷೇತ್ರಕ್ಕೆ ಹಲವು ಸೀಟು ಇರುವ ಪದ್ಧತಿ ಇದೆ. ಆದರೂ ದಶಕಗಳಿಂದ ಸಂಸತ್ತು ಎರಡು ಪಕ್ಷಗಳದ್ದೇ. ನಿಯಮ ಬಾಗಿಲು ತೆರೆಯಬಹುದು, ಒಳಗೆ ಬನ್ನಿ ಅಂತ ಯಾರನ್ನೂ ಎಳೆದು ತರಲ್ಲ.

ಒಂದು ಸೀಟಿಗೆ ಎಷ್ಟು ಮತ ಖರ್ಚಾಯಿತು

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ಪಕ್ಷಕ್ಕೆ ಬಿದ್ದ ಒಟ್ಟು ಮತವನ್ನು ಗೆದ್ದ ಸೀಟಿನಿಂದ ಭಾಗಿಸಿ. ಅಷ್ಟೇ.

1983ರ ಬ್ರಿಟನ್. ಲಿಬರಲ್ಲರು ಮತ್ತು ಸೋಷಿಯಲ್ ಡೆಮಾಕ್ರಾಟರು ಸೇರಿ ಮೈತ್ರಿ ಮಾಡಿಕೊಂಡು ಶೇ. 25.4 ಮತ ತಗೊಂಡರು. ಲೇಬರ್‌ಗೆ ಬಂದದ್ದು ಶೇ. 27.6. ಕೂದಲೆಳೆಯ ಅಂತರ, ಅಲ್ವಾ? ಸೀಟು ನೋಡಿ: ಲೇಬರ್‌ಗೆ 209, ಮೈತ್ರಿಕೂಟಕ್ಕೆ 23. ಲೇಬರ್ ಒಂದು ಸೀಟಿಗೆ ಸುಮಾರು 40 ಸಾವಿರ ಮತ ಕೊಟ್ಟರೆ, ಮೈತ್ರಿಕೂಟ ಸುಮಾರು 3 ಲಕ್ಷ 38 ಸಾವಿರ ಮತ ಕೊಟ್ಟಿತು. ಅದೇ ಮತಪತ್ರ, ಅದೇ ಪೆಟ್ಟಿಗೆ, ಬೆಲೆ ಎಂಟು ಪಟ್ಟು.

ಇಲ್ಲಿ ಬಹಳ ಜನ "ಚಿಕ್ಕ ಪಕ್ಷಕ್ಕೆ ಅನ್ಯಾಯ" ಅಂತ ಷರಾ ಬರೆದು ಮುಂದೆ ಹೋಗಿಬಿಡುತ್ತಾರೆ. ನಿಲ್ಲಿ. 2015ರ ಲೆಕ್ಕವನ್ನೂ ಹಾಕಿ. ಯುರೋಪಿನ ಒಕ್ಕೂಟ ಬಿಡೋಣ ಅನ್ನುತ್ತಿದ್ದ ಯೂಕಿಪ್ ಪಕ್ಷಕ್ಕೆ 38 ಲಕ್ಷಕ್ಕೂ ಜಾಸ್ತಿ ಮತ, ಸೀಟು 1. ಸ್ಕಾಟ್ಲೆಂಡಿನಲ್ಲಿ ಮಾತ್ರ ನಿಂತಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಸುಮಾರು 14 ಲಕ್ಷ 50 ಸಾವಿರ ಮತ, ಸೀಟು 56. ಎರಡರಲ್ಲಿ ಚಿಕ್ಕದು ಯಾವುದು? ಚಿಕ್ಕದಕ್ಕೇ ಜಾಸ್ತಿ ಸೀಟು! ಭಾರತದ 2014ರ ಲೋಕಸಭೆ ಚುನಾವಣೆಯಲ್ಲೂ ಇದೇ ಆಟ: ಬಿಎಸ್‌ಪಿಗೆ ದೇಶದಲ್ಲಿ ಶೇ. 4.2 ಮತ, ಸೀಟು ಸೊನ್ನೆ. ಅಣ್ಣಾ ಡಿಎಂಕೆಗೆ ಶೇ. 3.3 ಮತ, ಸೀಟು 37. ಕೆನಡಾದ 1993ರದ್ದಂತೂ ಇನ್ನೂ ಭೀಕರ. ಅಧಿಕಾರದಲ್ಲಿದ್ದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 16ರಷ್ಟು ಮತ ಬಂದರೂ ಸೀಟು ಎರಡೇ ಎರಡು. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ನಿಂತಿದ್ದ ಬ್ಲಾಕ್ ಕ್ವಿಬೆಕ್ವಾ ಶೇ. 13.5 ಮತಕ್ಕೆ 54 ಸೀಟು ಪಡೆದು ಅಧಿಕೃತ ವಿರೋಧ ಪಕ್ಷವಾಯಿತು. ದೇಶದಿಂದ ಬೇರೆಯಾಗಬೇಕು ಅನ್ನುವ ಪಕ್ಷ ಆ ದೇಶದ ಸಂಸತ್ತಿನಲ್ಲಿ ವಿರೋಧ ಪಕ್ಷ.

ಹಾಗಾಗಿ ಈ ಜರಡಿ ಚಿಕ್ಕವರನ್ನು ತಡೆದು ದೊಡ್ಡವರನ್ನು ಬಿಡುವ ಜರಡಿ ಅಲ್ಲ. ಒಂದೇ ಕಡೆ ಗುಂಪಾಗಿರುವವರನ್ನು ಬಿಡುತ್ತದೆ, ಎಲ್ಲ ಕಡೆ ತೆಳುವಾಗಿ ಹರಡಿರುವವರನ್ನು ತಡೆಯುತ್ತದೆ. ನಿಮ್ಮ ವಿಚಾರ ಪ್ರತಿ ಕ್ಷೇತ್ರದಲ್ಲೂ ಶೇ. 15 ಜನರಿಗೆ ಇಷ್ಟ ಅಂತಿಟ್ಟುಕೊಳ್ಳಿ. ನಿಮ್ಮ ಪ್ರತಿನಿಧಿಗಳ ಸಂಖ್ಯೆ ಸೊನ್ನೆ. ಪರಿಸರ, ಗ್ರಾಹಕ ಹಕ್ಕು, ಕಾರ್ಮಿಕರ ಹಕ್ಕಿನ ಥರದ, ಯಾವ ಜಾಗಕ್ಕೂ ಅಂಟದ ವಿಷಯ ಹಿಡಿದು ಹೊರಟವರಿಗೆಲ್ಲ ಈ ಗೋಡೆ ಎದುರಾಗುತ್ತದೆ. ಊರು, ಪ್ರಾಂತ್ಯ, ಭಾಷೆ ಅಂತ ಹೊರಟವರಿಗೆ ಬಾಗಿಲು ತೆರೆದಿರುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ: ಜಾಸ್ತಿ ಮತ ಪಡೆದವರೇ ಜಾಸ್ತಿ ಸೀಟು ಪಡೆದರೇ? ಎರಡೇ ಪಕ್ಷ ಇದ್ದರೆ ಇದು ಖಂಡಿತ ಸರಿ ಇರುತ್ತದೆ ಅಂದುಕೊಳ್ಳುತ್ತೇವೆ. 1951ರಲ್ಲಿ ಬ್ರಿಟನ್ನಿನ ಲೇಬರ್ ಜಾಸ್ತಿ ಮತ ಪಡೆದೂ ಸೋತಿತು. ನ್ಯೂಜಿಲೆಂಡಿನಲ್ಲಿ 1978ರಲ್ಲಿ ಒಂದು ಸಲ, 1981ರಲ್ಲಿ ಮತ್ತೊಂದು ಸಲ ಹೀಗೇ ಆಯಿತು. 1981ರಲ್ಲಿ ಮಾಲ್ಟಾದಲ್ಲಿ ನ್ಯಾಷನಲಿಸ್ಟ್ ಪಕ್ಷ ಅರ್ಧಕ್ಕಿಂತ ಜಾಸ್ತಿ, ಶೇ. 50.9 ಮತ ಪಡೆದರೂ 31 ಸೀಟಿಗೆ ನಿಂತಿತು, ಎದುರಾಳಿಗೆ 34. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ 2000 ಮತ್ತು 2016 ಎಲ್ಲರಿಗೂ ಗೊತ್ತಿರುವುದೇ.

ಪೊಟ್ಟಣದ ಲೆಕ್ಕ

ಹಾಳೆಯ ಇನ್ನೊಂದು ಮಗ್ಗುಲಿಗೆ ಬನ್ನಿ. ನಿಮಗೆ ಮುಖ್ಯ ಅನ್ನಿಸಿದ ಐದು ಪ್ರಶ್ನೆ ಬರೆಯಿರಿ, ಹೌದು ಅಥವಾ ಇಲ್ಲ ಅಂತ ಉತ್ತರಿಸುವ ಥರದವು. ತೆರಿಗೆ ಜಾಸ್ತಿ ಮಾಡಬೇಕೇ, ವಲಸೆ ಕಮ್ಮಿ ಮಾಡಬೇಕೇ, ಅಣುವಿದ್ಯುತ್ ಬೇಕೇ, ಹೀಗೆ. ಐದು ಪ್ರಶ್ನೆಗೆ ಹೌದು-ಇಲ್ಲಗಳ ಜೋಡಣೆ 32 ಬಗೆ. ಹತ್ತು ಪ್ರಶ್ನೆಗೆ 1024. ಎರಡು ಪಕ್ಷಗಳು ಇದರಲ್ಲಿ ಎರಡನ್ನು ಮಾತ್ರ ಪೊಟ್ಟಣ ಕಟ್ಟಿ ಕೊಡುತ್ತವೆ. ತೆರಿಗೆಯಲ್ಲಿ ಒಬ್ಬರ ಜೊತೆ, ವಲಸೆಯಲ್ಲಿ ಇನ್ನೊಬ್ಬರ ಜೊತೆ ಇರುವವರು ಯಾವುದನ್ನು ಎತ್ತಿಕೊಂಡರೂ ಅರ್ಧ ಬೇಡದ ಸಾಮಾನು ಜೊತೆಗೆ ಬರುತ್ತದೆ. ಗೆದ್ದವರು ಮಾತ್ರ ಮರುದಿನವೇ "ನಮ್ಮ ಪೂರ್ತಿ ಪ್ರಣಾಳಿಕೆಗೆ ಜನ ಮುದ್ರೆ ಒತ್ತಿದ್ದಾರೆ" ಅಂತ ಹೇಳಿಕೆ ಕೊಡುತ್ತಾರೆ!

ನಿಮ್ಮ ಐದು ಉತ್ತರದ ಎದುರಿಗೆ ಎರಡೂ ಪಕ್ಷದ ಉತ್ತರ ಬರೆಯಿರಿ. ಆಮೇಲೆ ಮೂರನೇ ಸಾಲೊಂದನ್ನು ನೋಡಿ: ಎರಡೂ ಪಕ್ಷ ಒಂದೇ ಉತ್ತರ ಕೊಟ್ಟ ಪ್ರಶ್ನೆ ಯಾವುದು? ಆ ಪ್ರಶ್ನೆಯ ಮಟ್ಟಿಗೆ ಚುನಾವಣೆಯೇ ನಡೆಯಲಿಲ್ಲ ಅಂತ ತಿಳಿಯಿರಿ. ನನ್ನ ಪ್ರಕಾರ ಎರಡು ಪಕ್ಷದ ಪದ್ಧತಿಯ ದೊಡ್ಡ ಮಿತಿ ಇಲ್ಲಿದೆ. ಇಬ್ಬರೂ ಜೋರಾಗಿ ಕಿತ್ತಾಡುವ ವಿಷಯದಲ್ಲಿ ನಿಮಗೆ ಆಯ್ಕೆ ಇರುತ್ತದೆ. ಇಬ್ಬರೂ ತಣ್ಣಗೆ ಒಪ್ಪಿಕೊಂಡ ವಿಷಯದಲ್ಲಿ ಇರುವುದಿಲ್ಲ. ಕಿತ್ತಾಟದ ಗದ್ದಲದಲ್ಲಿ ಅದು ಕೇಳಿಸುವುದೂ ಇಲ್ಲ.

ಬ್ರೆಕ್ಸಿಟ್ ಇದಕ್ಕೆ ಒಳ್ಳೆ ಪಾಠ. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅನ್ನುವ ಪ್ರಶ್ನೆ ಎರಡೂ ದೊಡ್ಡ ಪಕ್ಷಗಳನ್ನು ಒಳಗಿನಿಂದ ಸೀಳಿತ್ತು. 2016ರಲ್ಲಿ ಎರಡೂ ಪಕ್ಷಗಳ ನಾಯಕರು ಇರೋಣ ಅಂದರು. ಜನ ಶೇ. 51.9 ಮತದಿಂದ ಹೊರಡೋಣ ಅಂದರು. ತಮಾಷೆ ಅಂದರೆ ಮರುವರ್ಷದ ಚುನಾವಣೆಯಲ್ಲಿ ಅವೇ ಎರಡು ಪಕ್ಷಗಳಿಗೆ ಒಟ್ಟು ಶೇ. 82ರಷ್ಟು ಮತ ಬಂತು. ದೇಶ ಅಡ್ಡಕ್ಕೆ ಒಡೆದಿತ್ತು, ಮತಪತ್ರ ಉದ್ದಕ್ಕೆ ಕೇಳುತ್ತಿತ್ತು. ಮುಂದಿನ ಎರಡು ವರ್ಷ ಸಂಸತ್ತು ಯಾವ ಒಪ್ಪಂದಕ್ಕೂ ಹೂಂ ಅನ್ನಲಾಗದೆ ಒದ್ದಾಡಿದ್ದು ಸುಮ್ಮನೆ ಅಲ್ಲ.

"ಮತ ಒಡೆದರು" ಅನ್ನುವ ದೂರನ್ನು ತೂಗುವುದು

ಸೋತವರು ಮೂರನೆಯವರ ಮೇಲೆ ಹಾಕುವ ಅಪವಾದ ಇದು. ಪರೀಕ್ಷೆ ಸುಲಭ: ಗೆಲುವಿನ ಅಂತರ ಒಂದು ಕಡೆ, ಮೂರನೆಯವರ ಮತ ಇನ್ನೊಂದು ಕಡೆ. ಮೂರನೆಯವರ ಮತ ಅಂತರಕ್ಕಿಂತ ಕಮ್ಮಿ ಇದ್ದರೆ ದೂರು ಸುಳ್ಳು, ಅಲ್ಲಿಗೇ ಬಿಡಿ.

ಜಾಸ್ತಿ ಇದ್ದರೆ? 2000ನೇ ಇಸವಿಯ ಫ್ಲಾರಿಡಾದಲ್ಲಿ ರಿಪಬ್ಲಿಕನ್ ಬುಷ್, ಡೆಮಾಕ್ರಾಟ್ ಗೋರ್ ಎದುರು ಗೆದ್ದದ್ದು 537 ಮತದಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ ಬಿದ್ದದ್ದು 97,488. ಆ ರಾಜ್ಯದಿಂದಲೇ ಅಧ್ಯಕ್ಷ ಪದವಿ ನಿರ್ಧಾರವಾಯಿತು. ಇಲ್ಲಿ ದೂರಿಗೆ ಹುರುಳಿದೆ, ಆದರೆ ನೇಡರ್ ಇಲ್ಲದಿದ್ದರೆ ಆ ಮತವೆಲ್ಲ ಗೋರ್‌ಗೆ ಹೋಗುತ್ತಿತ್ತು ಅಂತ ಲೆಕ್ಕ ಹಾಕಬೇಡಿ. ಸುಮಾರು ಜನ ಮನೆಯಲ್ಲೇ ಕೂರುತ್ತಿದ್ದರು, ಕೆಲವರು ಬುಷ್‌ಗೇ ಹಾಕುತ್ತಿದ್ದರು. ಅಷ್ಟು ಚಿಕ್ಕ ಅಂತರಕ್ಕೆ ಚೂರುಪಾರು ಸಾಕಿತ್ತು ಅನ್ನುವುದು ಮಾತ್ರ ನಿಜ. 1992ರಲ್ಲಿ ಪಕ್ಷೇತರ ರಾಸ್ ಪೆರೊ ಶೇ. 18.9 ಮತ ಪಡೆದರು, ಅಂದರೆ ಐವರಲ್ಲಿ ಒಬ್ಬರ ಹತ್ತಿರ. ರಾಜ್ಯಗಳ ಪ್ರತಿನಿಧಿಗಳು ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಸಿಕ್ಕದ್ದು ಒಂದೂ ಇಲ್ಲ. ಅವರು ಹಿರಿಯ ಬುಷ್ ಅವರನ್ನು ಸೋಲಿಸಿದರು ಅಂತ ಇವತ್ತಿಗೂ ಹೇಳುವವರಿದ್ದಾರೆ, ಆದರೆ ಮತಗಟ್ಟೆ ಸಮೀಕ್ಷೆಗಳಲ್ಲಿ ಪೆರೊ ಬೆಂಬಲಿಗರ ಎರಡನೇ ಆಯ್ಕೆ ಬುಷ್ ಮತ್ತು ಕ್ಲಿಂಟನ್ ನಡುವೆ ಹೆಚ್ಚುಕಮ್ಮಿ ಸಮನಾಗಿ ಹಂಚಿತ್ತು.

ಹಾಗಾದರೆ ತಪ್ಪು ಮೂರನೆಯವರದ್ದೇ? ಯೋಚಿಸಿ ನೋಡಿ. ಸ್ಪರ್ಧೆಗೆ ಇನ್ನೊಬ್ಬರು ಬಂದರೆ ಅವರಿಗೆ ಹತ್ತಿರದ ವಿಚಾರದವರೇ ಸೋಲುತ್ತಾರೆ ಅನ್ನುವ ನಿಯಮದಲ್ಲಿ, ಬಂದವರದ್ದು ತಪ್ಪೋ ನಿಯಮದ್ದೋ?

ಬಾಗಿಲಿಗೆ ಬೀಗ ಹಾಕಿದವರು ಯಾರು

ಎಣಿಕೆಯ ನಿಯಮ ಒಂದು ಕಡೆ ಇರಲಿ. ಎರಡು ಪಕ್ಷಗಳು ಗಟ್ಟಿಯಾಗಿ ಕೂತ ಮೇಲೆ ಉಳಿದ ನಿಯಮಗಳನ್ನೂ ಅವೇ ಬರೆಯುತ್ತವೆ. ಅಮೆರಿಕದ ಸಂವಿಧಾನದಲ್ಲಿ ಪಕ್ಷ ಅನ್ನುವ ಮಾತೇ ಇಲ್ಲ. 1796ರಲ್ಲಿ ಅಧಿಕಾರ ಬಿಡುವಾಗ ಜಾರ್ಜ್ ವಾಷಿಂಗ್ಟನ್ ಪಕ್ಷದ ಹುರುಪಿನ ಬಗ್ಗೆ ಎಚ್ಚರಿಕೆ ಹೇಳಿ ಹೋಗಿದ್ದರು. ಯಾರು ಕೇಳುತ್ತಾರೆ. ಇವತ್ತು ಮತಪತ್ರದಲ್ಲಿ ಹೆಸರು ಬರಬೇಕಾದರೆ ಎಷ್ಟು ಸಹಿ ಬೇಕು ಅನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಚಿಕ್ಕ ಪಕ್ಷದ ಹಣ ಮತ್ತು ಸಮಯ ಅಲ್ಲೇ ಖಾಲಿ. ಅಧ್ಯಕ್ಷೀಯ ಚರ್ಚೆ ನಡೆಸುವ ಆಯೋಗವನ್ನು 1987ರಲ್ಲಿ ಎರಡೂ ಪಕ್ಷ ಸೇರಿಯೇ ಹುಟ್ಟುಹಾಕಿದವು. 2000ದಿಂದ ಅದು ಸಮೀಕ್ಷೆಗಳಲ್ಲಿ ಶೇ. 15 ಬೆಂಬಲ ಇಲ್ಲದವರನ್ನು ವೇದಿಕೆ ಹತ್ತಿಸಲಿಲ್ಲ. ವೇದಿಕೆ ಹತ್ತದೆ ಬೆಂಬಲ ಹೇಗೆ ಬರಬೇಕು ಅಂತ ಕೇಳಬೇಡಿ. 2024ರಲ್ಲಿ ಎರಡೂ ಪಕ್ಷ ಸೇರಿ ಆ ಆಯೋಗವನ್ನೇ ಪಕ್ಕಕ್ಕಿಟ್ಟು ಟಿವಿ ಚಾನೆಲ್ ಜೊತೆ ನೇರ ಮಾತಾಡಿಕೊಂಡವು. ಚುನಾವಣೆ ಹಣದ ಮೇಲೆ ಕಣ್ಣಿಡುವ ಫೆಡರಲ್ ಆಯೋಗದಲ್ಲಿ ಆರು ಸ್ಥಾನ, ಒಂದು ಪಕ್ಷದವರು ಮೂವರಿಗಿಂತ ಜಾಸ್ತಿ ಇರುವಂತಿಲ್ಲ, ಯಾವ ಕ್ರಮಕ್ಕೂ ನಾಲ್ಕು ಮತ ಬೇಕು. ಮೂರು-ಮೂರು ಆಗಿ ಕಡತ ಮುಚ್ಚಿಹೋಗುವುದು ಮಾಮೂಲು.

ನಿಮ್ಮ ದೇಶದ್ದು ನೋಡಬೇಕಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕ್ಷೇತ್ರದ ಗಡಿ ಎಳೆಯುವವರು ಯಾರು? ಮತಪತ್ರಕ್ಕೆ ಸೇರಲು ಏನು ಬೇಕು? ಪ್ರಚಾರದ ಹಣ ಮತ್ತು ಟಿವಿ ಸಮಯ ಹಿಂದಿನ ಚುನಾವಣೆಯ ಮತದ ಮೇಲೆ ಹಂಚಿಕೆ ಆಗುತ್ತದೆಯೇ? ಈ ಮೂರೂ ಇರುವ ಎರಡು ಪಕ್ಷಗಳ ಕೈಯಲ್ಲೇ ಇವೆ ಅಂತ ಗೊತ್ತಾದರೆ ಬೀಗ ಒಳಗಿನಿಂದ ಹಾಕಿದೆ ಅಂತ ಅರ್ಥ.

ಇನ್ನೊಂದು ಪಕ್ಕದ ತಕ್ಕಡಿಯೂ ನೋಡಿ

ಇಷ್ಟೆಲ್ಲ ಬೈದು, ಎರಡು ಪಕ್ಷದ ಪದ್ಧತಿಯಲ್ಲಿ ಏನೂ ಒಳ್ಳೆಯದಿಲ್ಲ ಅಂದರೆ ಅದು ಮೋಸ. ಯಾರನ್ನು ದೂರಬೇಕು ಅಂತ ಮತದಾರನಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಕೆಲಸ ಕೆಡಿಸಿದವರನ್ನು ಒಂದೇ ಏಟಿಗೆ ಇಳಿಸಬಹುದು. ಸಮ್ಮಿಶ್ರ ಸರ್ಕಾರದಲ್ಲಿ ಹಾಗಲ್ಲ, ಸೋತು ಸುಣ್ಣವಾದ ಪಕ್ಷವೂ ಮಾತುಕತೆಯಲ್ಲಿ ಮಂತ್ರಿ ಪದವಿ ಗಿಟ್ಟಿಸಬಹುದು. ಬೆಲ್ಜಿಯಂನಲ್ಲಿ 2010ರ ಚುನಾವಣೆ ಆದ ಮೇಲೆ ಸರ್ಕಾರ ರಚನೆಯಾಗಲು 541 ದಿನ ಹಿಡಿಯಿತು.

ಆದರೆ ಎರಡೇ ಪಕ್ಷ ಇದ್ದರೆ ಆಡಳಿತ ಸರಾಗ ಅನ್ನುವುದನ್ನು ನಾನು ಒಪ್ಪಲ್ಲ. ಅದು ಒಬ್ಬರ ಕೈಯಲ್ಲೇ ಎಲ್ಲ ಅಧಿಕಾರ ಇದ್ದಾಗ ಮಾತ್ರ. ಅಮೆರಿಕದಲ್ಲಿ ಖರ್ಚಿನ ಮಸೂದೆಗೆ ಒಪ್ಪಿಗೆ ಸಿಗದೆ ಸರ್ಕಾರಿ ಕೆಲಸ 2018-19ರಲ್ಲಿ 35 ದಿನ, 2025ರಲ್ಲಿ 43 ದಿನ ನಿಂತಿತು. ಇಬ್ಬರೇ ಇರುವಾಗ ಒಬ್ಬರ ನಷ್ಟವೇ ಇನ್ನೊಬ್ಬರ ಲಾಭ. ಕೈಜೋಡಿಸಲು ಮೂರನೆಯವರು ಯಾರೂ ಇರುವುದಿಲ್ಲ.

ಈಗ ಮಾಡುವುದೇನು

ಮೊದಲು ನಿಮ್ಮ ಕ್ಷೇತ್ರ ಎಂಥದ್ದು ಅಂತ ನೋಡಿ. ಹಿಂದಿನ ಮೂರು ಚುನಾವಣೆಯ ಅಂತರ ಬರೆದುಕೊಳ್ಳಿ. ಮೂರೂ ಸಲ ಒಂದೇ ಪಕ್ಷ ಭಾರಿ ಅಂತರದಿಂದ ಗೆದ್ದಿದ್ದರೆ ಅದು ಭದ್ರ ಕ್ಷೇತ್ರ. ಅಲ್ಲಿ "ಮೂರನೆಯವರಿಗೆ ಹಾಕಿದರೆ ವೋಟು ಹಾಳು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಫಲಿತಾಂಶ ಹೇಗೂ ನಿಮ್ಮ ಕೈಯಲ್ಲಿಲ್ಲ, ಮನಸ್ಸಿಗೆ ಬಂದವರಿಗೆ ಹಾಕಿ. ಆ ಸಂಖ್ಯೆ ಮುಂದೆ ಅವರಿಗೆ ಮಾನ್ಯತೆಗೋ ಹಣಕ್ಕೋ ಉಪಯೋಗಕ್ಕೆ ಬರಬಹುದು. ಅಂತರ ಕೂದಲೆಳೆಯಷ್ಟಿದ್ದರೆ ಕಥೆ ಬೇರೆ. ಅಲ್ಲಿ ಇಬ್ಬರಲ್ಲಿ ಯಾರು ಬಂದರೆ ಕಮ್ಮಿ ಕೆಡುಕು ಅಂತ ನೋಡಿ ಹಾಕುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಿಯಮ ಹಾಗಿರುವಾಗ ಅದು ಜಾಣತನ.

ಭದ್ರ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ನಡೆಯುವುದು ಪಕ್ಷದ ಒಳಗೆ, ಟಿಕೆಟ್ ಕೊಡುವಾಗ. ಅಮೆರಿಕದ ಪ್ರೈಮರಿಗಳಲ್ಲಿ, ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷಗಳಲ್ಲಿ, ಅರ್ಹರ ಪೈಕಿ ಐವರಲ್ಲಿ ಒಬ್ಬರು ಬಂದರೆ ಹೆಚ್ಚು. ಹಾಗಾಗಿ ಜೋರು ದನಿಯ ಕೆಲವರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ನಿಮ್ಮಲ್ಲಿ ಅಂಥ ಒಳಚುನಾವಣೆ ಇದ್ದರೆ ದಯವಿಟ್ಟು ಹೋಗಿ. ಅಂತಿಮ ಚುನಾವಣೆಗಿಂತ ಅಲ್ಲಿ ನಿಮ್ಮ ಒಂದು ಮತದ ತೂಕ ಜಾಸ್ತಿ.

ಮೂರನೇ ಪಕ್ಷಕ್ಕೆ ದುಡಿಯುವವರಾದರೆ ಗುರಿಯನ್ನು ಸರಿಯಾಗಿ ಇಟ್ಟುಕೊಳ್ಳಿ. ಗದ್ದುಗೆ ಸಿಗುವುದು ಅಪರೂಪ, ವಿಚಾರ ಕದ್ದುಹೋಗುವುದು ಮಾಮೂಲು, ಮತ್ತು ಅದು ಗೆಲುವೇ. 1892ರಲ್ಲಿ ಅಮೆರಿಕದ ಪಾಪ್ಯುಲಿಸ್ಟ್ ಪಕ್ಷ ಆದಾಯ ತೆರಿಗೆ ಬೇಕು, ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕು ಅಂತ ಕೇಳಿತ್ತು. ಪಕ್ಷ ಮಣ್ಣಾಯಿತು. ಎರಡೂ ಬೇಡಿಕೆ 1913ರ ಹೊತ್ತಿಗೆ ಸಂವಿಧಾನದ ತಿದ್ದುಪಡಿಗಳಾದವು.

ನಿಯಮವನ್ನೇ ಬದಲಿಸುವುದು ಉದ್ದದ ದಾರಿ. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ರಿಟನ್ನಿನಲ್ಲಿ 2011ರಲ್ಲಿ ಕ್ರಮ ಕೊಟ್ಟು ಮತ ಹಾಕುವ ಪದ್ಧತಿಗೆ ಜನಮತ ಕೇಳಿದಾಗ ಶೇ. 67.9 ಜನ ಬೇಡ ಅಂದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2005ರಲ್ಲಿ ಶೇ. 57.7 ಜನ ಬೇಕು ಅಂದರು, ಆದರೆ ಶೇ. 60 ಬೇಕಿತ್ತು, ಬಿದ್ದುಹೋಯಿತು. ಇದೇ ಹಳೆ ಪದ್ಧತಿಯ ಕೊನೆ ಚುನಾವಣೆ ಅಂತ 2015ರಲ್ಲಿ ಮಾತು ಕೊಟ್ಟು ಗೆದ್ದ ಜಸ್ಟಿನ್ ಟ್ರೂಡೊ 2017ರಲ್ಲಿ ಕೈ ಎತ್ತಿದರು. ಹಳೆ ನಿಯಮದಲ್ಲಿ ಗೆದ್ದವರಿಗೆ ಹಳೆ ನಿಯಮ ಸಿಹಿ ಅನ್ನಿಸುವುದು ಸಹಜ.

ನ್ಯೂಜಿಲೆಂಡ್ ಮಾತ್ರ ಗೆದ್ದಿತು. ಮೇಲೆ ಹೇಳಿದ ಎರಡು ತಿರುಗುಮುರುಗು ಫಲಿತಾಂಶದಿಂದ ಜನ ರೋಸಿಹೋಗಿದ್ದರು, 1981ರಲ್ಲಿ ಶೇ. 20.7 ಮತ ಪಡೆದ ಸೋಷಿಯಲ್ ಕ್ರೆಡಿಟ್‌ಗೆ ಎರಡೇ ಸೀಟು ಸಿಕ್ಕಿತ್ತು. 1986ರಲ್ಲಿ ರಾಯಲ್ ಕಮಿಷನ್ ಒಂದು ವರದಿ ಕೊಟ್ಟಿತು, ಅದು ಸೂಚಿಸಿದ ಪದ್ಧತಿ 1993ರಲ್ಲಿ ಜನಮತದಲ್ಲಿ ಗೆದ್ದಿತು, 1996ರಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮತ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಶೇ. 5 ಪಕ್ಷಮತ ಅಥವಾ ಒಂದು ಕ್ಷೇತ್ರ ಗೆದ್ದರೆ ಮತದ ಪಾಲಿಗೆ ತಕ್ಕ ಸೀಟು. ಅಂದರೆ ಜನಮತದಲ್ಲಿ ಗೆಲ್ಲಲು ಹದಿನೈದು ವರ್ಷದ ಸಿಟ್ಟು ಬೇಕಾಯಿತು. ಐರ್ಲೆಂಡಿನಲ್ಲಿ ಇದರ ಉಲ್ಟಾ: ಅಧಿಕಾರದಲ್ಲಿದ್ದ ಪಕ್ಷ 1959ರಲ್ಲೂ 1968ರಲ್ಲೂ ಮಾಲ್ಟಾದ ಥರದ, ಕ್ರಮ ಕೊಡುವ ಹಲವು ಸೀಟಿನ ಪದ್ಧತಿ ತೆಗೆದುಹಾಕಲು ಜನಮತ ಕೇಳಿತು, ಜನ ಎರಡು ಸಲವೂ ಮುಟ್ಟಬೇಡಿ ಅಂದರು. ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ.

ನನ್ನ ಸಲಹೆ, ಕೆಳಗಿನಿಂದ ಶುರು ಮಾಡಿ. ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ 2007ರಿಂದ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2004ರಿಂದ ಕ್ರಮ ಕೊಡುವ ಮತದಾನ ನಡೆಯುತ್ತಿದೆ. ಜನ ಒಂದು ಸಲ ಮಾಡಿ ನೋಡಿದರೆ ಅರ್ಧ ಭಯ ಹೋಗುತ್ತದೆ. ಸಂವಿಧಾನ ಮುಟ್ಟಬೇಕೋ, ಸಾದಾ ಕಾನೂನು ಸಾಕೋ ಅಂತಲೂ ಮೊದಲೇ ನೋಡಿಕೊಳ್ಳಿ. ಅಮೆರಿಕದ ಕೆಳಮನೆಗೆ ಒಂದು ಕ್ಷೇತ್ರ, ಒಬ್ಬ ಪ್ರತಿನಿಧಿ ಅನ್ನುವುದು ಸಂವಿಧಾನದಲ್ಲಿ ಇಲ್ಲ. ಅದು 1967ರ ಒಂದು ಕಾನೂನು.

ಕ್ರಮ ಕೊಡುವ ಪದ್ಧತಿ ಮೂರನೆಯವರ ಅಪವಾದವನ್ನು ಹೇಗೆ ತೊಳೆಯುತ್ತದೆ ಅಂತ ನೋಡಲು ಅಮೆರಿಕದ ಮೇನ್ ರಾಜ್ಯದ 2018ರ ಎರಡನೇ ಕ್ಷೇತ್ರ ನೋಡಿ. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪೋಲಿಕ್ವಿನ್ ಶೇ. 46.3, ಡೆಮಾಕ್ರಾಟ್ ಗೋಲ್ಡನ್ ಶೇ. 45.6. ಉಳಿದದ್ದು ಇಬ್ಬರು ಪಕ್ಷೇತರರಿಗೆ. ಹಳೆ ನಿಯಮದಲ್ಲಿ ಅಲ್ಲಿಗೆ ಆಟ ಮುಗಿಯುತ್ತಿತ್ತು. ಹೊಸದರಲ್ಲಿ ಪಕ್ಷೇತರರ ಮತಪತ್ರಗಳ ಮುಂದಿನ ಆಯ್ಕೆಯನ್ನು ಎಣಿಸಿದರು, ಗೋಲ್ಡನ್ ಶೇ. 50.6ಕ್ಕೆ ಏರಿ ಗೆದ್ದರು. ಪಕ್ಷೇತರರಿಗೆ ಹಾಕಿದವರನ್ನು ಯಾರೂ ಬೈಯಬೇಕಾಗಲಿಲ್ಲ. ಆದರೆ ಒಂದು ಮಾತು, ಒಬ್ಬರೇ ಗೆಲ್ಲುವ ಕ್ಷೇತ್ರದಲ್ಲಿ ಇದು ಅಪವಾದ ತೊಳೆಯುತ್ತದೆಯೇ ಹೊರತು ಸೀಟು ಹಂಚುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1918ರಿಂದಲೂ ಕೆಳಮನೆಗೆ ಇದೇ ಪದ್ಧತಿ, ಆದರೂ ನೂರು ವರ್ಷ ಎರಡು ಬಣಗಳೇ ಆಳಿದವು. 2022ರಲ್ಲಿ ಎರಡೂ ಬಣದ ಒಟ್ಟು ಮೊದಲ ಆಯ್ಕೆ ಶೇ. 70ಕ್ಕಿಂತ ಕೆಳಗಿಳಿದಾಗ ಮಾತ್ರ 151ರಲ್ಲಿ 16 ಸೀಟು ಹೊರಗಿನವರಿಗೆ ಹೋಯಿತು. ಸೀಟೇ ಹಂಚಬೇಕು ಅಂದರೆ ನ್ಯೂಜಿಲೆಂಡ್ ಅಥವಾ ಐರ್ಲೆಂಡ್ ದಾರಿ ಬೇಕು.

ಇನ್ನು ಅಂಥ ಮತಪತ್ರ ನಿಮ್ಮ ಕೈಗೆ ಬಂದೇಬಿಟ್ಟರೆ, ತುಂಬುವ ಮೊದಲು ಅದರ ಮೇಲಿನ ಸೂಚನೆ ಓದಿ. ಆಸ್ಟ್ರೇಲಿಯಾದ ಕೆಳಮನೆಯ ಮತಪತ್ರದಲ್ಲಿ ಎಲ್ಲ ಹೆಸರಿಗೂ ಸಂಖ್ಯೆ ಹಾಕಲೇಬೇಕು, ಒಂದೆರಡು ಹಾಕಿ ಬಿಟ್ಟರೆ ಮತ ತಿರಸ್ಕಾರ ಆಗುತ್ತದೆ. ಐರ್ಲೆಂಡಿನಲ್ಲಿ ಬೇಕಾದಲ್ಲಿ ನಿಲ್ಲಿಸಬಹುದು. ನಿಲ್ಲಿಸಲು ಬಿಡುವ ಕಡೆಯೂ ಎರಡು ದೊಡ್ಡ ಪಕ್ಷಗಳಲ್ಲಿ ಒಂದಕ್ಕಾದರೂ ಕೊನೆಯ ಸಂಖ್ಯೆ ಹಾಕಿ ಬನ್ನಿ, ಯಾಕೆಂದರೆ ನಿಮ್ಮ ಇಷ್ಟದವರೆಲ್ಲ ಕಳಚಿಹೋದ ಮೇಲೆ ಕೊನೆ ಸುತ್ತಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಅವರಿಬ್ಬರೇ, ಆ ಹೊತ್ತಿಗೆ ನಿಮ್ಮ ಮತಪತ್ರದಲ್ಲಿ ಸಂಖ್ಯೆ ಮುಗಿದುಹೋಗಿದ್ದರೆ ಅದನ್ನು ಪಕ್ಕಕ್ಕೆ ಎತ್ತಿಡುತ್ತಾರೆ.